ಕಾದಂಬರಿಯ ಬೆಳಕಿನಲ್ಲಿ ವಿಜಯಪುರದ ಇತಿಹಾಸ: ಮೆಡೋಸ್ ಟೇಲರ್‌ನ ಕೃತಿಗಳು ಮತ್ತು ಜನಪದ ಸ್ಮೃತಿ

1. ಪೀಠಿಕೆ

ದಾಖಲೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಇತಿಹಾಸಕಾರನು ನಿಲ್ಲಬೇಕಾಗುತ್ತದೆ. ಕಾದಂಬರಿಕಾರನಿಗೆ ಅಂತಹ ಕಟ್ಟುಪಾಡಿಲ್ಲ. ದಾಖಲೆಯ ಮೌನದಿಂದಲೇ ಅವನ ಕೆಲಸ ಆರಂಭವಾಗುತ್ತದೆ. ಹಾಗೆಂದು ಕಾದಂಬರಿ ಇತಿಹಾಸದ ಸ್ಥಾನವನ್ನು ತುಂಬಲಾರದು. ಆದರೆ ಆಸ್ಥಾನದ ಬರಹಗಾರರು ಬರೆಯದೆ ಬಿಟ್ಟ ಮನೆ, ಮಠ, ಹಾದಿ, ಹೊಲ, ಹೆಣ್ಣುಮಕ್ಕಳ ಬದುಕು ಇವುಗಳತ್ತ ಸಂಶೋಧಕನ ಕಣ್ಣನ್ನು ತಿರುಗಿಸುವ ಶಕ್ತಿ ಅದಕ್ಕಿದೆ.

ಈ ಮಾತು ಜಗತ್ತಿನ ಅನೇಕ ಭಾಷೆಗಳ ವಿಷಯದಲ್ಲಿ ಸತ್ಯವಾಗಿದೆ. ಚೀನಾದ ಲಿನ್ ಯುಟಾಂಗ್ 1939ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಮೊಮೆಂಟ್ ಇನ್ ಪೀಕಿಂಗ್’ ಕಾದಂಬರಿಯು ಬಾಕ್ಸರ್ ದಂಗೆಯಿಂದ ಜಪಾನಿನ ದಾಳಿಯವರೆಗಿನ ಕಾಲವನ್ನು ಕೂಡುಕುಟುಂಬಗಳ ಬದುಕಿನ ಮೂಲಕ ನಿರೂಪಿಸುತ್ತದೆ. ತಾಯ್ನೆಲದಿಂದ ದೂರವಿದ್ದ ಲೇಖಕನು ಅರಸರ, ಸೇನಾಪತಿಗಳ ಇತಿಹಾಸವನ್ನು ಹಿಂದಕ್ಕೆ ಸರಿಸಿ ಮನೆಯೊಳಗಿನ ಇತಿಹಾಸವನ್ನು ಮುಂದಕ್ಕೆ ತಂದನು. ದೂರದ ಈ ನೋಟಕ್ಕೆ ಒಂದು ಲಾಭವಿದೆ, ಒಂದು ದೋಷವೂ ಇದೆ. ಹತ್ತಿರದವರಿಗೆ ಸಹಜವೆನಿಸಿ ಕಣ್ಣಿಗೆ ಬೀಳದ ಸಂಗತಿಗಳು ದೂರದವನಿಗೆ ಎದ್ದು ಕಾಣುತ್ತವೆ. ಅದೇ ವೇಳೆಗೆ ತಾನು ನಿಂತ ನೆಲದ ಓದುಗರ ರುಚಿಗೂ ನಂಬಿಕೆಗೂ ಅವನು ತಲೆಬಾಗಬೇಕಾಗುತ್ತದೆ.

ಕನ್ನಡ ನಾಡಿನಲ್ಲಿ ಇಂತಹ ನೋಟಕ್ಕೆ ಒಳಗಾದ ನಗರಗಳಲ್ಲಿ ವಿಜಯಪುರ ಮುಖ್ಯವಾದುದು. ಇಲ್ಲಿ ಬರೆದವನು ನಾಡು ಬಿಟ್ಟುಹೋದ ಕನ್ನಡಿಗನಲ್ಲ; ಬಾಲ್ಯದಲ್ಲಿಯೇ ಇಲ್ಲಿಗೆ ಬಂದು, ಬದುಕಿನ ಬಹುಭಾಗವನ್ನು ಇಲ್ಲಿ ಕಳೆದು, ಮರಳಿ ಹೋದ ಮೇಲೆ ಈ ನಾಡನ್ನು ಕುರಿತು ಬರೆದ ಆಂಗ್ಲ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. ಅವನ ‘ತಾರಾ’ (1863) ಮತ್ತು ‘ಎ ನೋಬಲ್ ಕ್ವೀನ್’ (1878) ಕಾದಂಬರಿಗಳ ಹಿನ್ನೆಲೆ ಆದಿಲ್‌ಶಾಹಿ ವಿಜಯಪುರ. ಈ ಎರಡು ಕೃತಿಗಳು ನಗರದ ಇತಿಹಾಸಕ್ಕೆ ಯಾವ ಬಗೆಯ ಬೆಳಕು ಚೆಲ್ಲುತ್ತವೆ, ಎಲ್ಲಿ ಆ ಬೆಳಕೇ ಮಸುಕಾಗುತ್ತದೆ, ನಗರದ ಮತ್ತು ಅದರ ಪಡುವಣ ಸೀಮೆಯಾದ ತಿಕೋಟಾ, ಬಬಲೇಶ್ವರಗಳ ಜನಪದ ಸ್ಮೃತಿಯೊಡನೆ ಅವುಗಳನ್ನು ಇಟ್ಟು ನೋಡಿದಾಗ ಏನು ತಿಳಿಯುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

2. ಟೇಲರ್: ಅಧಿಕಾರಿ ಮತ್ತು ಕಥೆಗಾರ

ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. 1824ರಲ್ಲಿ, ಇನ್ನೂ ಹದಿನಾರು ತುಂಬುವ ಮೊದಲೇ, ವ್ಯಾಪಾರಿಯೊಬ್ಬರಲ್ಲಿ ಕೆಲಸ ಮಾಡಲೆಂದು ಮುಂಬಯಿಗೆ ಬಂದನು. ಆ ಕೆಲಸ ಕೈಹತ್ತಲಿಲ್ಲ. ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಸೇರಿದನು. ಕಂಪನಿಯ ನೌಕರನಾಗದೆ ದೇಶೀ ಸಂಸ್ಥಾನದ ನೌಕರನಾದುದು ಅವನ ಬರವಣಿಗೆಯ ದೃಷ್ಟಿಯಿಂದ ಮಹತ್ವದ ಸಂಗತಿ. ಕಂಪನಿಯ ಅಧಿಕಾರಿಗಳಂತೆ ಊರಿಂದೂರಿಗೆ ವರ್ಗವಾಗಿ ಹೋಗದೆ ದಖ್ಖನಿನ ಒಂದೇ ಸೀಮೆಯಲ್ಲಿ ಅವನು ದಶಕಗಳ ಕಾಲ ಉಳಿದನು. 1832ರಲ್ಲಿ ಹೈದರಾಬಾದಿನ ಲೇವಾದೇವಿಗಾರ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನು ಮದುವೆಯಾದನು. ಪಾಮರ್‌ನ ತಾಯಿ ಉತ್ತರ ಭಾರತದ ಮುಸ್ಲಿಂ ಮನೆತನದವಳು. ಹೀಗಾಗಿ ದಖ್ಖನಿನ ಮುಸ್ಲಿಂ ಮನೆಗಳ ಒಳಾಂಗಣದ ರೀತಿನೀತಿ, ಮಾತಿನ ವರಸೆ ಟೇಲರ್‌ಗೆ ಸಮಕಾಲೀನ ಆಂಗ್ಲ ಲೇಖಕರಿಗಿಂತ ಹೆಚ್ಚು ಪರಿಚಿತವಾಗಿದ್ದಿತು.

ಠಗ್ಗರನ್ನು ಕುರಿತ ‘ಕನ್ಫೆಷನ್ಸ್ ಆಫ್ ಎ ಠಗ್’ (1839) ಅವನಿಗೆ ಹೆಸರು ತಂದಿತು. ಮರುವರ್ಷ ‘ಟಿಪ್ಪು ಸುಲ್ತಾನ್’ ಬಂದಿತು. ಅನಂತರ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅವನಿಂದ ಕಾದಂಬರಿ ಬರಲಿಲ್ಲ. ಆಡಳಿತದ ಹೊಣೆ ಹೊತ್ತ ಆ ವರ್ಷಗಳೇ ಮುಂದಿನ ಕಾದಂಬರಿಗಳ ಸಾಮಗ್ರಿ ಕೂಡಿದ ಕಾಲ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿ, ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ, ಆಡಳಿತದ ಮೇಲ್ವಿಚಾರಣೆ ಅವನದಾಗಿದ್ದಿತು. ಸುರಪುರದ ಬೆಟ್ಟದ ಮೇಲಿನ ಅವನ ಮನೆ ಇಂದಿಗೂ ‘ಟೇಲರ್ ಮಂಜಿಲ್’ ಎಂದೇ ಹೆಸರಾಗಿದೆ. 1853ರಲ್ಲಿ ನಿಜಾಮನಿಂದ ಬ್ರಿಟಿಷರ ಆಡಳಿತಕ್ಕೆ ಬಂದ ನಳದುರ್ಗ ಸೀಮೆಯ ಆಡಳಿತ ಅವನಿಗೆ ದೊರೆಯಿತು. ಭವಾನಿಯ ಕ್ಷೇತ್ರವಾದ ತುಳಜಾಪುರ ಆ ಸೀಮೆಯಲ್ಲಿಯೇ ಇದ್ದಿತು. 1860ರಲ್ಲಿ ನಿವೃತ್ತನಾಗಿ ಐರ್ಲೆಂಡಿನ ಡಬ್ಲಿನ್ ನಗರದ ಬಳಿ ನೆಲೆಸಿದ ಮೇಲೆ ‘ತಾರಾ’, ‘ರಾಲ್ಫ್ ಡಾರ್ನೆಲ್’ (1865), ‘ಸೀತಾ’ (1872) ಎಂಬ ಮೂರು ಕಾದಂಬರಿಗಳನ್ನು ಪ್ರಕಟಿಸಿದನು. 1876ರಲ್ಲಿ ಅವನು ತೀರಿಕೊಂಡನು. ಆತ್ಮಕಥೆ ಮರುವರ್ಷವೂ, ಚಾಂದಬೀಬಿಯನ್ನು ಕುರಿತ ‘ಎ ನೋಬಲ್ ಕ್ವೀನ್’ 1878ರಲ್ಲೂ ಹೊರಬಂದವು.

ವಿಜಯಪುರದೊಡನೆ ಅವನ ಸಂಬಂಧ ಕಾದಂಬರಿಗಷ್ಟೇ ಸೀಮಿತವಲ್ಲ. 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಆರ್ಕಿಟೆಕ್ಚರ್ ಅಟ್ ಬೀಜಾಪುರ್’ ಎಂಬ ಛಾಯಾಚಿತ್ರ ಸಂಪುಟಕ್ಕೆ ಐತಿಹಾಸಿಕ ಭಾಗವನ್ನು ಬರೆದವನು ಅವನೇ. ವಾಸ್ತುಶಿಲ್ಪದ ಟಿಪ್ಪಣಿಗಳು ಜೇಮ್ಸ್ ಫರ್ಗುಸನ್‌ನವು. ಸುರಪುರ ಪರಿಸರದ ಬೃಹತ್ ಶಿಲಾ ಸಮಾಧಿಗಳನ್ನು ಅಗೆದು ವಿವರಿಸಿದ ಮೊದಲಿಗರಲ್ಲಿಯೂ ಅವನು ಒಬ್ಬ. ಅಂದರೆ ಕಾದಂಬರಿ ಬರೆದ ಕೈ ಇತಿಹಾಸವನ್ನೂ ಪುರಾತತ್ವವನ್ನೂ ಬಲ್ಲ ಕೈಯಾಗಿದ್ದಿತು.

3. ಅವನು ಕಂಡ ನಗರ

ಟೇಲರ್‌ನ ಕಾಲದ ವಿಜಯಪುರ ರಾಜಧಾನಿಯಾಗಿರಲಿಲ್ಲ, ಜಿಲ್ಲಾ ಕೇಂದ್ರವೂ ಆಗಿರಲಿಲ್ಲ. 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನ ವಶವಾದ ಮೇಲೆ ನಗರ ಕುಗ್ಗುತ್ತ ಹೋಯಿತು. ಮೊಗಲರ, ನಿಜಾಮನ, ಪೇಶ್ವೆಯರ ಕೈದಾಟಿ 1818ರಲ್ಲಿ ಸಾತಾರಾ ರಾಜನಿಗೆ ಸೇರಿತು. 1848ರಲ್ಲಿ ಸಾತಾರಾ ಸಂಸ್ಥಾನವೇ ಬ್ರಿಟಿಷರ ವಶವಾಯಿತು. 1864ರಲ್ಲಿ ರಚಿತವಾದ ಜಿಲ್ಲೆಗೆ ಕೇಂದ್ರ ಕಲಾದಗಿ. 1885ರಲ್ಲಿ ಮಾತ್ರ ಜಿಲ್ಲಾ ಕಚೇರಿಗಳು ವಿಜಯಪುರಕ್ಕೆ ಬಂದವು. ಹೀಗೆ ಟೇಲರ್ ಬರೆಯುತ್ತಿದ್ದ ಕಾಲಕ್ಕೆ ನಗರವು ಗುಮ್ಮಟಗಳ ನಡುವೆ ಜಾಲಿ ಬೆಳೆದ ಹಾಳೂರಾಗಿದ್ದಿತು. ಆ ಹಾಳನ್ನು ಕಂಡವನೇ ಅದರ ತುಂಬಿದ ದಿನಗಳನ್ನು ಕಲ್ಪಿಸಿದ್ದಾನೆ ಎಂಬುದನ್ನು ಓದುಗ ಮರೆಯಬಾರದು.

ಮಕ್ಕಾ ದರವಾಜೆಯಿಂದ ಪಡುವಣಕ್ಕೆ ಹೊರಟರೆ ನಗರದ ಇತಿಹಾಸದ ಪದರಗಳು ಸಾಲಾಗಿ ಎದುರಾಗುತ್ತವೆ. ಶಹಾಪುರ ದಿನ್ನೆಯ ಮೇಲೆ ಸೂಫಿ ಸಂತ ಅಮೀನುದ್ದೀನ್ ಅಲಾ ಅವರ ದರ್ಗಾ ಇದೆ. ಅದೇ ಪಡುವಣ ಬಯಲಿನಲ್ಲಿ ಅಫ್ಜಲಪುರ ಅಥವಾ ಟಕ್ಕೆ ಎಂಬ ನೆಲೆ. ಸೇನಾಪತಿ ಅಫ್ಜಲ್ ಖಾನನ ಮಸೀದಿ, ಪೂರ್ಣಗೊಳ್ಳದ ಗೋರಿ ಅಲ್ಲಿವೆ. ಮುಂದೆ ತೊರವಿ. ಕನ್ನಡ ಓದುಗರಿಗೆ ಇದು ನರಸಿಂಹನ ಕ್ಷೇತ್ರ, ಕುಮಾರ ವಾಲ್ಮೀಕಿ ರಾಮಾಯಣವನ್ನು ರಚಿಸಿದ ನೆಲ. ಆದಿಲ್‌ಶಾಹಿ ಇತಿಹಾಸಕ್ಕೆ ಇದು ಎರಡನೆಯ ಇಬ್ರಾಹೀಮನು 1599ರಲ್ಲಿ ಕಟ್ಟಲು ಆರಂಭಿಸಿದ, 1624ರಲ್ಲಿ ಮಲಿಕ್ ಅಂಬರನ ಸೈನ್ಯ ಹಾಳುಗೆಡವಿದ ನವರಸಪುರ. ನಗರದ ಬಾವಿ, ಹೌದುಗಳಿಗೆ ನೀರು ಹರಿದುದೂ ಈ ತೊರವಿಯ ಕಡೆಯಿಂದಲೇ. ಆ ಹಾದಿ ಮುಂದೆ ತಿಕೋಟಾಕ್ಕೆ ಹೋಗುತ್ತದೆ. ನೈಋತ್ಯಕ್ಕೆ ಹೊರಳಿದರೆ ಬಬಲೇಶ್ವರ; ಅದರಾಚೆ ಮುಹಮ್ಮದ್ ಆದಿಲ್‌ಶಾಹನ ಹೆಸರನ್ನು ಹೊತ್ತ ಮಮದಾಪುರ ಮತ್ತು ಅದರ ದೊಡ್ಡ ಕೆರೆ. ಜತ್ತದ ಕಡೆಯಿಂದ ಬರುವ ಡೋಣಿ ನದಿ ಈ ಸೀಮೆಯ ಎರೆನೆಲವನ್ನು ಹಾಯ್ದು ಮೂಡಣಕ್ಕೆ ಹರಿಯುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಅರ್ಥದ ಗಾದೆ ಇಲ್ಲಿ ಮನೆಮಾತು. ಹಿಂದೆ ವಿಜಯಪುರ ತಾಲ್ಲೂಕಿಗೆ ಸೇರಿದ್ದ ತಿಕೋಟಾ, ಬಬಲೇಶ್ವರಗಳು ಈಗ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಬಿಜಾಪುರವೆಂಬ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ವಿಜಯಪುರವಾಗಿದೆ.

ರಾಜಧಾನಿಯ ಅನ್ನ, ನೀರು, ಕುದುರೆಯ ಮೇವು ಇಂತಹ ಸೀಮೆಗಳಿಂದ ಬಂದವು. ಆಸ್ಥಾನದ ಇತಿಹಾಸಗಳಲ್ಲಿ ಈ ಹಳ್ಳಿಗಳು ಬಹುಮಟ್ಟಿಗೆ ದಂಡಿನ ಹಾದಿಯ ಹೆಸರುಗಳಾಗಿ ಮಾತ್ರ ಬರುತ್ತವೆ. ರಾಜಧಾನಿ ಮತ್ತು ಹಳ್ಳಿಗಳ ನಡುವಿನ ಈ ಕಂದಕವನ್ನು ತುಂಬುವ ಯತ್ನ ಟೇಲರ್‌ನ ಕಾದಂಬರಿಗಳಲ್ಲಿ ಮೊದಲ ಬಾರಿಗೆ ಕಾಣುತ್ತದೆ.

4. ಒಂದು ಘಟನೆ, ನಾಲ್ಕು ಸಾಕ್ಷಿಗಳು

ಕಾದಂಬರಿಯ ಬೆಳಕು ಎಂತಹುದೆಂದು ತಿಳಿಯಲು ಒಂದೇ ಘಟನೆಯನ್ನು ಆಯ್ದುಕೊಳ್ಳುವುದು ಅನುಕೂಲ. 1659ರಲ್ಲಿ ಎರಡನೆಯ ಅಲಿ ಆದಿಲ್‌ಶಾಹನ ಆಜ್ಞೆಯಂತೆ ಅಫ್ಜಲ್ ಖಾನನು ಶಿವಾಜಿಯ ಮೇಲೆ ದಂಡೆತ್ತಿ ಹೋದನು. ಆ ವರ್ಷದ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಶಿವಾಜಿಯ ಕೈಯಲ್ಲಿ ಹತನಾದನು. ಈ ಘಟನೆಗೆ ನಾಲ್ಕು ಬಗೆಯ ಸಾಕ್ಷಿಗಳಿವೆ.

ಮೊದಲನೆಯದು ಲಿಖಿತ ಇತಿಹಾಸ. ಗ್ರ್ಯಾಂಟ್ ಡಫ್‌ನು 1826ರಲ್ಲಿ ಪ್ರಕಟಿಸಿದ ಮರಾಠರ ಇತಿಹಾಸದಲ್ಲಿ ದಂಡಯಾತ್ರೆಯ ಹಾದಿ, ಸಂಧಾನ, ಭೇಟಿ, ಕೊಲೆ ಇವೆಲ್ಲ ನಿರೂಪಿತವಾಗಿವೆ. ಮೊದಲು ಕೈಯೆತ್ತಿದವರು ಯಾರು ಎಂಬ ಪ್ರಶ್ನೆಯನ್ನು ಮುಂದಿನ ಇತಿಹಾಸಕಾರರು ದೀರ್ಘವಾಗಿ ಚರ್ಚಿಸಿದ್ದಾರೆ. ಈ ಚರ್ಚೆಯ ಕೇಂದ್ರ ಇಬ್ಬರು ಗಂಡಸರು ಮತ್ತು ಒಂದು ಡೇರೆ.

ಎರಡನೆಯದು ಪೊವಾಡ. ಅಫ್ಜಲ್ ಖಾನನ ವಧೆಯನ್ನು ಕುರಿತು ಅಜ್ಞಾನದಾಸನು ಮರಾಠಿಯಲ್ಲಿ ರಚಿಸಿದ ಪೊವಾಡ ಆ ಪ್ರಕಾರದ ಅತ್ಯಂತ ಹಳೆಯ ರಚನೆಗಳಲ್ಲಿ ಒಂದು. ಗೊಂದಲಿಗರು ಮೇಳದಲ್ಲಿ ಹಾಡಿದ ಇದು ವೀರನ ಸ್ತುತಿ, ಗೆದ್ದವರ ಸ್ಮೃತಿ.

ಮೂರನೆಯದು ವಿಜಯಪುರದ ನೆಲದಲ್ಲಿಯೇ ಉಳಿದ ಐತಿಹ್ಯ. ಅಫ್ಜಲಪುರದ ಬಯಲಿನಲ್ಲಿ ಒಂದೇ ಆಕಾರದ, ಒಂದೇ ಅಳತೆಯ ಅರವತ್ತಕ್ಕೂ ಹೆಚ್ಚು ಗೋರಿಗಳು ಸಾಲುಸಾಲಾಗಿ ಇವೆ. ‘ಸಾಠ್ ಕಬರ್’ ಎಂಬುದು ಅದರ ರೂಢಿಯ ಹೆಸರು. ಗೋರಿಗಳ ನೆತ್ತಿ ಸಪಾಟಾಗಿದೆ. ದಖ್ಖನಿನ ಸಂಪ್ರದಾಯದಂತೆ ಅದು ಹೆಣ್ಣುಮಕ್ಕಳ ಗೋರಿಯ ಗುರುತು. ದಂಡಿಗೆ ಹೊರಡುವ ಮುನ್ನ ಜ್ಯೋತಿಷಿಯೊಬ್ಬನು ಖಾನನಿಗೆ ಅವನು ಮರಳಿ ಬರಲಾರನೆಂದು ಹೇಳಿದನಂತೆ. ತನ್ನ ಬಳಿಕ ಹೆಂಡಂದಿರು ಪರರ ಪಾಲಾಗಬಾರದೆಂದು ಖಾನನು ಅವರನ್ನೆಲ್ಲ ಬಾವಿಗೆ ತಳ್ಳಿಸಿ ಇಲ್ಲಿ ಹೂಳಿಸಿದನಂತೆ. ಒಬ್ಬಳು ಓಡಿಹೋಗಲು ನೋಡಿ ಸಿಕ್ಕಿಬಿದ್ದಳೆಂಬ ಮಾತೂ ಇದಕ್ಕೆ ಸೇರಿಕೊಂಡಿದೆ.

ಜಾನಪದ ಅಧ್ಯಯನದ ದೃಷ್ಟಿಯಿಂದ ಈ ಐತಿಹ್ಯದ ಅಂಶಗಳು ಅಪರಿಚಿತವಲ್ಲ. ತಪ್ಪಿಸಲಾಗದ ಭವಿಷ್ಯವಾಣಿ, ದುಂಡು ಸಂಖ್ಯೆ, ತಪ್ಪಿಸಿಕೊಳ್ಳಲೆತ್ನಿಸಿದ ಒಬ್ಬಳು ಇವು ಅನೇಕ ನಾಡುಗಳ ಕಥೆಗಳಲ್ಲಿ ಬರುವ ಆಶಯಗಳು. ಕಣ್ಣೆದುರಿಗಿರುವ ವಿಚಿತ್ರ ವಸ್ತುವೊಂದಕ್ಕೆ ಕಾರಣ ಹೇಳುವುದು ಐತಿಹ್ಯದ ಸ್ವಭಾವ. ಆದುದರಿಂದ ಕೊಲೆ ನಡೆಯಿತೇ ಇಲ್ಲವೇ ಎಂಬ ಪ್ರಶ್ನೆಗೆ ಈ ಕಥೆ ಉತ್ತರವಾಗಲಾರದು. ಆದರೆ ಇನ್ನೊಂದು ಪ್ರಶ್ನೆಗೆ ಇದು ಉತ್ತರ ಕೊಡುತ್ತದೆ. ಅಫ್ಜಲ್ ಖಾನನ ಸ್ವಂತ ನಗರದ ಜನ ಆ ದಂಡಯಾತ್ರೆಯನ್ನು ನೆನೆದಾಗ ಅವರ ನೆನಪಿನಲ್ಲಿ ಮುಂದೆ ನಿಂತವರು ಯಾರು? ಸೇನಾಪತಿಯೂ ಅಲ್ಲ, ಅವನನ್ನು ಕೊಂದವನೂ ಅಲ್ಲ, ಹೆಸರಿಲ್ಲದ ಹೆಣ್ಣುಮಕ್ಕಳು. ಪೊವಾಡ ವಿಜಯವನ್ನು ಹಾಡುತ್ತದೆ. ಐತಿಹ್ಯ ಬೆಲೆಯನ್ನು ಎಣಿಸುತ್ತದೆ. ತಮ್ಮ ಸೇನಾಪತಿಯ ಮೇಲೆ ಕ್ರೌರ್ಯದ ಹೊಣೆ ಹೊರಿಸಲು ಈ ಐತಿಹ್ಯ ಹಿಂಜರಿಯುವುದಿಲ್ಲ ಎಂಬುದೂ ಗಮನಾರ್ಹ.

ನಾಲ್ಕನೆಯ ಸಾಕ್ಷಿ ‘ತಾರಾ’. ತುಳಜಾಪುರದ ವ್ಯಾಸಶಾಸ್ತ್ರಿಯ ಮಗಳು ತಾರಾ ಬಾಲವಿಧವೆ. ದೇವಿಯ ಸೇವೆಗೆ ತನ್ನನ್ನು ಒಪ್ಪಿಸಿಕೊಂಡವಳು. ಖಾನನ ದಂಡು ತುಳಜಾಪುರದ ಗುಡಿಗೆ ನುಗ್ಗಿದಾಗ ಅವಳ ಬದುಕು ತಲೆಕೆಳಗಾಗುತ್ತದೆ. ಖಾನನ ಮಗ ಫಾಜಿಲ್ ಅವಳನ್ನು ಕಾಪಾಡುತ್ತಾನೆ. ಕಥೆಯ ತಿರುವುಗಳಲ್ಲಿ ರಮ್ಯತೆ ಹೆಚ್ಚು. ಆದರೆ ಇತಿಹಾಸದ ವಿದ್ಯಾರ್ಥಿಗೆ ಬೇಕಾದುದು ಆ ತಿರುವುಗಳ ನಡುವಿನ ವಿವರಗಳಲ್ಲಿದೆ. ಇತಿಹಾಸದ ಪುಟಗಳಲ್ಲಿ ಬರಿಯ ದಂಡನಾಯಕನಾಗಿದ್ದ ಅಫ್ಜಲ್ ಖಾನನಿಗೆ ಇಲ್ಲಿ ವಿಜಯಪುರದಲ್ಲಿ ಒಂದು ಮನೆಯಿದೆ. ಆ ಮನೆಯಲ್ಲಿ ಗ್ರಹಗತಿಗಳ ಹುಚ್ಚು ಹಿಡಿದ ಹೆಂಡತಿ ಲುರ್ಲಿ ಇದ್ದಾಳೆ, ಮಗಳು ಝೈನಾ ಇದ್ದಾಳೆ, ದಾಸಿಯರಿದ್ದಾರೆ. ದಂಡು ಹೊರಡುವುದೆಂದರೆ ಈ ಮನೆಯ ಬಾಗಿಲಲ್ಲಿ ಏನು ನಡೆಯಿತು ಎಂಬುದೂ ಹೌದು ಎಂದು ಕಾದಂಬರಿ ನೆನಪಿಸುತ್ತದೆ.

ಐತಿಹ್ಯದಲ್ಲಿಯೂ ಜ್ಯೋತಿಷ್ಯವಿದೆ, ಕಾದಂಬರಿಯಲ್ಲಿಯೂ ಇದೆ. ಐತಿಹ್ಯದಲ್ಲಿ ಅದು ಹೆಣ್ಣುಮಕ್ಕಳ ಸಾವಿಗೆ ಕಾರಣ. ಕಾದಂಬರಿಯಲ್ಲಿ ಹೆಣ್ಣೊಬ್ಬಳ ಸ್ವಭಾವದ ಅಂಗ. ನಾಲ್ಕು ಸಾಕ್ಷಿಗಳಲ್ಲಿ ಪೊವಾಡ ಮತ್ತು ಲಿಖಿತ ಇತಿಹಾಸಗಳು ಡೇರೆಯ ಕಡೆ ನೋಡುತ್ತವೆ. ಐತಿಹ್ಯ ಮತ್ತು ಕಾದಂಬರಿಗಳು ಮನೆಯ ಕಡೆ ನೋಡುತ್ತವೆ. ಒಂದು ಜನಪದರ ಬಾಯಲ್ಲಿ, ಇನ್ನೊಂದು ಆಂಗ್ಲ ಅಧಿಕಾರಿಯ ಲೇಖನಿಯಲ್ಲಿ ಹುಟ್ಟಿದರೂ ಇವೆರಡೂ ಕೇಳುವ ಪ್ರಶ್ನೆ ಒಂದೇ: ಯುದ್ಧದ ಸುದ್ದಿ ಬಂದ ದಿನ ಮನೆಯೊಳಗಿದ್ದವರ ಗತಿ ಏನಾಯಿತು?

5. ಕಾದಂಬರಿ ಎಲ್ಲಿ ಬೆಳಕಾಗುತ್ತದೆ

ಟೇಲರ್‌ನ ಬೆಳಕು ಅವನು ಓದಿದ ಪುಸ್ತಕಗಳಿಂದ ಬಂದುದಲ್ಲ. ಆಸ್ಥಾನದ ಸಂಗತಿಗಳಿಗೆ ಅವನು ಆಧರಿಸಿದುದು ಫೆರಿಶ್ತಾ ಮತ್ತು ಗ್ರ್ಯಾಂಟ್ ಡಫ್ ಇವರನ್ನು. ಅವು ಸಂಶೋಧಕನಿಗೆ ನೇರವಾಗಿಯೇ ದೊರೆಯುತ್ತವೆ. ಆಡಳಿತದ ಓಡಾಟದಲ್ಲಿ ಕಿವಿಗೆ ಬಿದ್ದುದು, ಕಣ್ಣಿಗೆ ಕಂಡುದು ಇವು ಮಾತ್ರ ಅವನವೇ. ಭವಾನಿಯ ಗುಡಿಯ ಪೂಜಾರಿಗಳ ವ್ಯವಸ್ಥೆ, ಮುರಳಿಯರ ಸ್ಥಿತಿ, ಯಾತ್ರಿಕರ ದಂಡು, ಬಾಲವಿಧವೆಯ ಮನೆಯ ಬದುಕು ಇವನ್ನು ಬರೆಯುವಾಗ ಅವನ ಮುಂದಿದ್ದುದು 17ನೆಯ ಶತಮಾನವಲ್ಲ. ತಾನು ಆಳಿದ 1850ರ ದಶಕದ ತುಳಜಾಪುರ. ಆದುದರಿಂದ ‘ತಾರಾ’ ಕಾದಂಬರಿಯನ್ನು ಎರಡು ಕಾಲದ ದಾಖಲೆಯಾಗಿ ಓದಬೇಕಾಗುತ್ತದೆ. ಘಟನೆಗಳು 1659ರ ಆಸುಪಾಸಿನವು, ವಿವರಗಳು 1850ರ ಆಸುಪಾಸಿನವು. ಈ ಎಚ್ಚರವಿದ್ದರೆ 19ನೆಯ ಶತಮಾನದ ನಡುಭಾಗದ ದಖ್ಖನಿನ ಸಮಾಜ ಜೀವನಕ್ಕೆ ಅದು ಬೆಲೆಯುಳ್ಳ ಆಕರ.

‘ಎ ನೋಬಲ್ ಕ್ವೀನ್’ ವಿಷಯದಲ್ಲಿಯೂ ಹೀಗೆಯೇ. ಅಹಮದನಗರದ ಹುಸೇನ್ ನಿಜಾಮಶಾಹನ ಮಗಳು ಚಾಂದಬೀಬಿ ಮೊದಲನೆಯ ಅಲಿ ಆದಿಲ್‌ಶಾಹನ ರಾಣಿಯಾಗಿ ವಿಜಯಪುರಕ್ಕೆ ಬಂದಳು. 1580ರಲ್ಲಿ ಅಲಿ ಕೊಲೆಯಾದ ಮೇಲೆ ಬಾಲಕ ಇಬ್ರಾಹೀಮನ ಪರವಾಗಿ ರಾಜ್ಯದ ಹೊಣೆ ಹೊತ್ತಳು; ಕಿಶ್ವರ್ ಖಾನನ ಕೈಯಲ್ಲಿ ಸಾತಾರಾ ಕೋಟೆಯಲ್ಲಿ ಸೆರೆಯಾದಳು; ಬಿಡುಗಡೆಯಾದಳು. 1595–96ರಲ್ಲಿ ಅಕ್ಬರನ ಮಗ ಮುರಾದನ ಮುತ್ತಿಗೆಯೆದುರು ಅಹಮದನಗರವನ್ನು ಉಳಿಸಿ, ಕೊನೆಗೆ ತನ್ನ ಕಡೆಯವರಿಂದಲೇ ಹತಳಾದಳು. ಈ ಕಥೆ ಫೆರಿಶ್ತಾನಲ್ಲಿದೆ. ಟೇಲರ್ ಸೇರಿಸಿದುದು ಕೃಷ್ಣಾ ನದಿಯ ನಡುಗಡ್ಡೆಯ ಜಲದುರ್ಗವನ್ನು, ಮುದಗಲ್ಲಿನ ಪೋರ್ಚುಗೀಸ್ ಪಾದ್ರಿಗಳನ್ನು, ಬೇಡ ನಾಯಕರನ್ನು. ಇವೆಲ್ಲ ಅವನು ಹನ್ನೆರಡು ವರ್ಷ ಆಡಳಿತ ನಡೆಸಿದ ಸೀಮೆಗೆ ಹೊಂದಿಕೊಂಡ ನೆಲೆಗಳು. ರಾಜಧಾನಿಯಿಂದ ಆಳಿದ ರಾಜ್ಯವೊಂದು ಗಡಿಯ ಕೋಟೆಯಿಂದ, ಬೇಡರ ವಾಡೆಯಿಂದ ಹೇಗೆ ಕಾಣುತ್ತಿದ್ದೀತು ಎಂಬ ಊಹೆ ಅಲ್ಲಿದೆ. ಆದಿಲ್‌ಶಾಹಿ ಸೈನ್ಯವೆಂದರೆ ತುರ್ಕರು, ಹಬಶಿಗಳು, ದಖ್ಖನಿಗಳು ಎಂಬಷ್ಟಕ್ಕೆ ನಿಲ್ಲುವ ಓದುಗನಿಗೆ ಕನ್ನಡ ನೆಲದ ಬೇಡ ಪಡೆಗಳ ನೆನಪನ್ನು ಅದು ತರುತ್ತದೆ.

ಈ ಕೃತಿಗಳ ಪ್ರಭಾವ ಇಂಗ್ಲಿಷಿಗಷ್ಟೇ ನಿಲ್ಲಲಿಲ್ಲ. ಮರಾಠಿಯ ಹರಿ ನಾರಾಯಣ ಆಪ್ಟೆ ತಮ್ಮ ಮೊದಲ ಐತಿಹಾಸಿಕ ಕಾದಂಬರಿಯನ್ನು ಟೇಲರ್‌ನ ‘ಟಿಪ್ಪು ಸುಲ್ತಾನ್’ ಆಧರಿಸಿ ಬರೆದರು. ಅನಂತರ ಸ್ವತಂತ್ರ ಹಾದಿ ಹಿಡಿದರು. ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು ಗಳಗನಾಥರು (1869–1942). ಅಗಡಿಯ ‘ಸದ್ಬೋಧ ಚಂದ್ರಿಕೆ’ಯ ಮೂಲಕ ಉತ್ತರ ಕರ್ನಾಟಕದ ಓದುಗರಲ್ಲಿ ಐತಿಹಾಸಿಕ ಕಾದಂಬರಿಯ ರುಚಿ ಹುಟ್ಟಿಸಿದವರೂ ಅವರೇ. ವಿಜಯಪುರದಲ್ಲಿ 1880ರಲ್ಲಿ ಜನಿಸಿದ ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ವನ್ನು (1917) ಬರೆದು ನಾಡಿನ ಇತಿಹಾಸಪ್ರಜ್ಞೆಯನ್ನು ಎಚ್ಚರಿಸಿದ ಕಾಲವೂ ಅದೇ. ಹೀಗೆ ಪರಕೀಯನ ಕಾದಂಬರಿಯ ಒಂದು ಎಳೆ ಮರಾಠಿಯನ್ನು ಹಾಯ್ದು ಕನ್ನಡದ ಇತಿಹಾಸಪ್ರಜ್ಞೆ ಕಣ್ತೆರೆದ ಕಾಲಕ್ಕೆ ಬಂದು ಸೇರುತ್ತದೆ.

6. ಕಾದಂಬರಿ ಎಲ್ಲಿ ಮಸುಕಾಗುತ್ತದೆ

ಬೆಳಕಿನ ಮಾತಾಡಿದ ಮೇಲೆ ನೆರಳಿನ ಮಾತನ್ನೂ ಆಡಬೇಕು. ಟೇಲರ್‌ನ ಮೂರು ಕಾದಂಬರಿಗಳು 1657, 1757, 1857 ಎಂಬ ಮೂರು ವರ್ಷಗಳ ಚೌಕಟ್ಟಿನಲ್ಲಿ ನಿಂತಿವೆ. ಮರಾಠರ ಏಳಿಗೆ, ಪ್ಲಾಸಿ ಕದನ, ಸಿಪಾಯಿಗಳ ದಂಗೆ ಇವು ಸರಿಯಾಗಿ ನೂರು ನೂರು ವರ್ಷಗಳ ಅಂತರದಲ್ಲಿ ಬಂದವೆಂಬ ವಿನ್ಯಾಸ ಅದು. ಆದರೆ ‘ತಾರಾ’ ಕಾದಂಬರಿಯ ಕೇಂದ್ರ ಘಟನೆ ನಡೆದುದು 1659ರಲ್ಲಿ. ಎರಡು ವರ್ಷಗಳ ಈ ಅಂತರ ಸಣ್ಣದೆಂದು ತೋರಬಹುದು. ಆದರೆ ಅದರ ಹಿಂದಿನ ಭಾವನೆ ಸಣ್ಣದಲ್ಲ. ದಖ್ಖನಿನ ರಾಜ್ಯಗಳು ತಮ್ಮೊಳಗೆ ಕಾದಾಡಿ ಸವೆದುದರ ಮುಂದಿನ ಮೆಟ್ಟಿಲು ಬ್ರಿಟಿಷರ ಆಳ್ವಿಕೆ ಎಂಬ ಅರ್ಥವನ್ನು ಈ ಚೌಕಟ್ಟು ಓದುಗನಲ್ಲಿ ಮೂಡಿಸುತ್ತದೆ. 1857ರ ಬಳಿಕ, ಆಂಗ್ಲ ಓದುಗರಿಗಾಗಿ ಬರೆದ ಕೃತಿಯಲ್ಲಿ ಇದು ಅನಿರೀಕ್ಷಿತವೇನಲ್ಲ.

ಪಾತ್ರಗಳಲ್ಲಿಯೂ ಇದೇ ನೆರಳಿದೆ. ‘ತಾರಾ’ದ ಖಳನಾಯಕ ಮೋರೋ ತ್ರಿಮ್ಮಳ ಕುತಂತ್ರಿ ಬ್ರಾಹ್ಮಣ; ಇಂತಹ ಪಾತ್ರ ಆ ಕಾಲದ ಆಂಗ್ಲ ಬರಹಗಳ ಸಿದ್ಧ ಅಚ್ಚು. ಚಿತೆಯೇರಲು ನಿಂತ ತಾರಾಳನ್ನು ಪಾರುಮಾಡುವ ಕೊನೆಯ ಪ್ರಸಂಗದಲ್ಲಿ 17ನೆಯ ಶತಮಾನಕ್ಕಿಂತ 1829ರ ಸತಿ ನಿಷೇಧದ ನೆನಪೇ ಹೆಚ್ಚು. ಅಫ್ಜಲ್ ಖಾನ ಮತ್ತು ಶಿವಾಜಿಯರ ಘರ್ಷಣೆಯನ್ನು ಎರಡು ರಾಜ್ಯಗಳ ಹೋರಾಟವಾಗಿ ನೋಡುವ ಬದಲು ಎರಡು ಧರ್ಮಗಳ ಹೋರಾಟವಾಗಿ ನೋಡುವ ಅಭ್ಯಾಸಕ್ಕೆ 19ನೆಯ ಶತಮಾನದ ಬರಹಗಳು ಬಲ ಕೊಟ್ಟವು. ಟೇಲರ್ ಅದರಿಂದ ಪೂರ್ಣವಾಗಿ ಹೊರಗುಳಿದಿಲ್ಲ. ಆದರೂ ಬ್ರಾಹ್ಮಣ ಕನ್ಯೆ ಮತ್ತು ಮುಸ್ಲಿಂ ತರುಣರ ಪ್ರೇಮವನ್ನು ಕಥೆಯ ನಡುಗಂಬವಾಗಿ ನಿಲ್ಲಿಸಿ ತಾನೇ ಆ ಗೋಡೆಯಲ್ಲಿ ಒಂದು ಬಾಗಿಲು ತೆರೆದಿದ್ದಾನೆ.

ಎಲ್ಲಕ್ಕಿಂತ ಅರ್ಥಪೂರ್ಣವಾದ ನೆರಳು ರಾಣಿಯರ ವಿಷಯದ್ದು. 1590ರ ದಶಕದ ಚಾಂದಬೀಬಿ ಟೇಲರ್‌ಗೆ ಉದಾತ್ತ ರಾಣಿ. ಬಾಲಕ ರಾಜನ ಪರವಾಗಿ ರಾಜ್ಯ ನಡೆಸಿದ್ದೇ ಅವಳ ಹಿರಿಮೆ. ಆದರೆ 1840ರ ದಶಕದಲ್ಲಿ ಅವನೇ ಕಂಡ, ಬಾಲಕ ರಾಜನ ಪರವಾಗಿ ರಾಜ್ಯ ನಡೆಸಲು ಹೆಣಗಿದ ಸುರಪುರದ ರಾಣಿ ಈಶ್ವರಮ್ಮನನ್ನು ಆತ್ಮಕಥೆಯಲ್ಲಿ ಅವನು ಕುಟಿಲೆಯೆಂದು, ದುರಾಚಾರಿಯೆಂದು ಚಿತ್ರಿಸಿದ್ದಾನೆ. ಅವಳ ಕೈಯಿಂದ ಆಡಳಿತವನ್ನು ಪಡೆದವನು ಅವನೇ. ಎರಡೂ ಕಡೆ ಸನ್ನಿವೇಶ ಒಂದೇ. ತೀರ್ಪು ಮಾತ್ರ ಬೇರೆ. ಸತ್ತು ಎರಡೂವರೆ ಶತಮಾನ ಕಳೆದ ರಾಣಿ ಅವನಿಗೆ ಅಡ್ಡಿಯಾಗಿರಲಿಲ್ಲ, ಬದುಕಿದ್ದ ರಾಣಿ ಅಡ್ಡಿಯಾಗಿದ್ದಳು. ಕಾದಂಬರಿಯಲ್ಲಿ ಔದಾರ್ಯ ತೋರಿದ ಲೇಖಕನು ಆಡಳಿತದ ಬರಹದಲ್ಲಿ ಅದನ್ನು ತೋರಲಾರದೆ ಹೋದನೆಂಬುದು ಆಡಳಿತಗಾರರ ದಾಖಲೆಯನ್ನೇ ಪರಮಪ್ರಮಾಣವೆಂದು ನಂಬುವ ಸಂಶೋಧಕರಿಗೆ ಒಂದು ಎಚ್ಚರಿಕೆ.

ಇದೇ ಆತ್ಮಕಥೆಯಲ್ಲಿ ಇನ್ನೊಂದು ಭವಿಷ್ಯವಾಣಿಯ ಸಂಗತಿ ಇದೆ. ವೆಂಕಟಪ್ಪ ನಾಯಕನು ಇಪ್ಪತ್ತನಾಲ್ಕನೆಯ ವಯಸ್ಸನ್ನು ದಾಟಲಾರನೆಂದು ಜಾತಕ ಬರೆದವರು ಹೇಳಿದ್ದರೆಂದು ಟೇಲರ್ ದಾಖಲಿಸಿದ್ದಾನೆ. 1858ರಲ್ಲಿ ಬಂಡೆದ್ದ ರಾಜನು ಸೆರೆಯಲ್ಲಿದ್ದಾಗ ಗುಂಡೇಟಿನಿಂದ ಸತ್ತನು. ಸುರಪುರದ ಜನ ಅವನನ್ನು ಸ್ವಾತಂತ್ರ್ಯಕ್ಕಾಗಿ ಮಡಿದ ವೀರನೆಂದು ನೆನೆಯುತ್ತಾರೆ. ಟೇಲರ್ ಅವನನ್ನು ವಿಧಿಗೆ ಬಲಿಯಾದ ತರುಣನೆಂದು ನೆನೆದಿದ್ದಾನೆ. ವಿಧಿಯ ಮೇಲೆ ಭಾರ ಹಾಕಿದಾಗ ಆಳುವವರ ಹೊಣೆ ಹಗುರವಾಗುತ್ತದೆ. ಸಾಠ್ ಕಬರ್‌ನ ಐತಿಹ್ಯದಲ್ಲಿಯೂ ಭವಿಷ್ಯವಾಣಿ ಇದೆ, ಆದರೆ ಅಲ್ಲಿ ಕೊಂದವನ ಹೊಣೆ ಹಗುರವಾಗುವುದಿಲ್ಲ. ಈ ಒಂದು ಹೋಲಿಕೆಯಲ್ಲಿ ಜನಪದರ ನ್ಯಾಯಪ್ರಜ್ಞೆ ಲಿಖಿತ ಬರಹಕ್ಕಿಂತ ನಿಷ್ಠುರವಾಗಿ ಕಾಣುತ್ತದೆ.

7. ಹಳ್ಳಿಗಳ ದನಿ

ಟೇಲರ್ ಊಹಿಸಿ ಬರೆದ ಮನೆಯೊಳಗಿನ ಬದುಕಿಗೆ ಈ ಜಿಲ್ಲೆಯಲ್ಲಿ ಊಹೆಯಿಲ್ಲದ ಸಾಕ್ಷಿಯೂ ಇದೆ. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ರೇವಪ್ಪ ಕಾಪಸೆ, ಧೂಲಾಸಾಹೇಬ ಮೊದಲಾದ ಗೆಳೆಯರು ಬೀಸುವ, ಕುಟ್ಟುವ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಸಂಗ್ರಹಿಸಿದರು. 1931ರಲ್ಲಿ ‘ಗರತಿಯ ಹಾಡು’ ಹೊರಬಂದಿತು. ತವರು, ಸೋದರ, ಬಂಜೆತನ, ಬರ, ಅತ್ತೆಮನೆ ಇವುಗಳ ಮೂಲಕ ಅಲ್ಲಿ ಒಂದು ಸಮಾಜದ ಒಳ ಇತಿಹಾಸ ದಾಖಲಾಗಿದೆ.

ಬೀಸುಕಲ್ಲಿನ ಈ ಹಾಡಿಗೆ ವಿಜಯಪುರದ ಸೂಫಿಗಳ ನೆರೆಹೊರೆಯೂ ಇದ್ದಿತು. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ ಅವರು ‘ಸೂಫೀಸ್ ಆಫ್ ಬಿಜಾಪುರ್’ (1978) ಗ್ರಂಥದಲ್ಲಿ ಈ ಸಂತಪರಂಪರೆಯವರು ದಖ್ಖನಿ ಭಾಷೆಯಲ್ಲಿ ರಚಿಸಿದ ‘ಚಕ್ಕಿನಾಮಾ’ಗಳತ್ತ ವಿದ್ವಾಂಸರ ಗಮನ ಸೆಳೆದರು. ಬೀಸುವ ಹೆಂಗಸರು ಹಾಡಲೆಂದು ರಚಿತವಾದ ಈ ಪದಗಳು ಸಾಮಾನ್ಯರ ಮನೆಗಳಿಗೆ ಭಕ್ತಿಯನ್ನು ಕೊಂಡೊಯ್ದವು ಎಂಬುದು ಅವರ ವಾದ. ಕತ್ತಿಯ ಇತಿಹಾಸವನ್ನು ಬಿಟ್ಟು ಬೀಸುಕಲ್ಲಿನ ಇತಿಹಾಸವನ್ನು ಕೇಳಿದಾಗ ವಿಜಯಪುರದ ಚಿತ್ರವೇ ಬದಲಾಗುತ್ತದೆ. ಮೊಹರಂ ದಿನಗಳಲ್ಲಿ ಈ ಭಾಗದ ಹಳ್ಳಿಗಳಲ್ಲಿ ಹಿಂದೂ, ಮುಸ್ಲಿಮರಿಬ್ಬರೂ ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳಲ್ಲಿ ಕರ್ಬಲಾದ ಕಥೆ ಎರೆನೆಲದ ಕಥೆಯಾಗಿಬಿಡುತ್ತದೆ. ಇವೆಲ್ಲ ಟೇಲರ್‌ನ ಕಾದಂಬರಿಯ ಚೌಕಟ್ಟಿನಲ್ಲಿ ಹಿಡಿಸದ ಸಂಗತಿಗಳು.

ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಊರುಗಳನ್ನು ಈ ದೃಷ್ಟಿಯಿಂದ ನೋಡಬೇಕಾದ ಅಗತ್ಯವಿದೆ. ಕೆರೆ, ಬಾವಿ, ದರ್ಗಾ, ಗುಡಿಗಳ ಹೆಸರುಗಳು, ಉರುಸು ಜಾತ್ರೆಗಳ ಸೇವಾಹಕ್ಕುಗಳು, ವತನದ ಮನೆತನಗಳ ನೆನಪುಗಳು, ಅಲಾಯಿ ಕುಣಿತದ ಪದಗಳು ಇವು ಆದಿಲ್‌ಶಾಹಿ ಕಾಲವನ್ನು ರಾಜಧಾನಿಯ ಕೋಟೆಯ ಹೊರಗಿನಿಂದ ತೋರಬಲ್ಲ ಆಕರಗಳು. ಮಮದಾಪುರದ ಕೆರೆಯ ಏರಿಯ ಮೇಲೆ ನಿಂತು ಕೇಳುವ ಮಾತು ಅರಮನೆಯ ಅಂಗಳದಲ್ಲಿ ಕೇಳುವ ಮಾತಿಗಿಂತ ಬೇರೆಯಾಗಿರುತ್ತದೆ. ನೀರಾವರಿ, ದ್ರಾಕ್ಷಿ ಬೇಸಾಯ, ವಲಸೆ ಇವುಗಳಿಂದ ಈ ಸೀಮೆಯ ಬದುಕು ವೇಗವಾಗಿ ಬದಲಾಗುತ್ತಿದೆ. ಬೀಸುಕಲ್ಲು ಮೂಲೆ ಸೇರಿದೆ. ಹಾಡುವವರು ಇಲ್ಲವಾದ ಮೇಲೆ ಹಾಡಿನ ಇತಿಹಾಸವನ್ನು ಯಾವ ಕಾದಂಬರಿಕಾರನೂ ಮರಳಿ ತರಲಾರನು.

8. ಸಮಾರೋಪ

ಟೇಲರ್‌ನ ಕಾದಂಬರಿಗಳು ವಿಜಯಪುರದ ಇತಿಹಾಸಕ್ಕೆ ಹೊಸ ತಾರೀಖುಗಳನ್ನು ಕೊಡುವುದಿಲ್ಲ; ಇರುವ ತಾರೀಖನ್ನು ಕೆಲವೊಮ್ಮೆ ತಮ್ಮ ಅನುಕೂಲಕ್ಕೆ ಬಾಗಿಸುತ್ತವೆ. ಅವು ಕೊಡುವುದು ಪ್ರಶ್ನೆಗಳನ್ನು. ಸೇನಾಪತಿಯ ಮನೆಯಲ್ಲಿ ಯಾರಿದ್ದರು? ಗುಡಿಯನ್ನು ಲೂಟಿ ಮಾಡಿದಾಗ ಗುಡಿಯ ಹೆಣ್ಣುಮಕ್ಕಳು ಎಲ್ಲಿ ಹೋದರು? ಗಡಿಯ ಕೋಟೆಯ ಕಾವಲುಗಾರನಿಗೆ ರಾಜಧಾನಿ ಹೇಗೆ ಕಂಡಿತು? ಈ ಪ್ರಶ್ನೆಗಳನ್ನು ಅವನಿಂದ ಪಡೆದು, ಉತ್ತರಗಳನ್ನು ಶಾಸನ, ಬಖೈರು, ಕಡತ, ಐತಿಹ್ಯ, ಹಾಡುಗಳಲ್ಲಿ ಹುಡುಕುವುದು ಸಂಶೋಧಕನ ಕೆಲಸ.

ಕಾದಂಬರಿಯನ್ನು ಪ್ರಮಾಣವೆಂದು ಒಪ್ಪುವುದೂ ಕಟ್ಟುಕಥೆಯೆಂದು ತಳ್ಳುವುದೂ ಸಮನಾದ ತಪ್ಪುಗಳು. ಜನಪದ ಐತಿಹ್ಯಕ್ಕೂ ಈ ಮಾತು ಸಲ್ಲುತ್ತದೆ. ಒಂದೇ ಘಟನೆಯ ಮೇಲೆ ನಾಲ್ಕು ಕಡೆಯಿಂದ ದೀಪ ಹಿಡಿದಾಗ ಒಂದೊಂದು ದೀಪದ ಕೆಳಗೂ ಅದರದರ ಕತ್ತಲೆ ಇರುತ್ತದೆ. ಒಂದರ ಕತ್ತಲೆಯನ್ನು ಇನ್ನೊಂದು ತೆರೆಯುತ್ತದೆ. ಅಫ್ಜಲ್ ಖಾನ ಮತ್ತು ಶಿವಾಜಿಯರ ಹೆಸರುಗಳು ಇಂದಿಗೂ ವಾದವಿವಾದಗಳಲ್ಲಿ ಮೇಲೆದ್ದು ಬರುತ್ತವೆ. ಆ ವಾದಗಳಲ್ಲಿ ಯಾರೂ ಹೆಸರಿಸದವರು ಅಫ್ಜಲಪುರದ ಬಯಲಿನಲ್ಲಿ ಸಾಲಾಗಿ ಮಲಗಿದ್ದಾರೆ. ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಇತಿಹಾಸ ಪೂರ್ಣವಾಗಲಾರದು.